ಮಂಗೋಲರ ಕೈಕೆಳಗೆ ರಷ್ಯಾದ ದೊರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ಇತಿಹಾಸ ಅಂದ ಕೂಡಲೇ ಜನ ಝಾರ್‌ಗಳಿಂದ ಶುರು ಮಾಡುತ್ತಾರೆ. ಅದಕ್ಕೂ ಹಿಂದೆ ಸುಮಾರು 240 ವರ್ಷ ಅಲ್ಲಿನ ದೊರೆಗಳು ವೋಲ್ಗಾ ನದಿ ದಂಡೆಯ ಖಾನನಿಗೆ ಕಪ್ಪ ಕೊಟ್ಟು, ಅವನ ಮುಂದೆ ಮಂಡಿಯೂರಿ, ಅವನಿಂದಲೇ ಪಟ್ಟ ಪಡೆದುಕೊಂಡು ಬದುಕಿದರು. ಈ ಕಾಲವನ್ನು ಎರಡೇ ಸಾಲಲ್ಲಿ ಮುಗಿಸಿಬಿಡುವವರು ಜಾಸ್ತಿ: ಮಂಗೋಲರು ಬಂದರು, ಸುಟ್ಟರು, ಆಮೇಲೆ ಮಾಸ್ಕೋ ಎದ್ದು ನಿಂತಿತು. ನಿಜವಾದ ಕಥೆ ಇರೋದು ಈ ಎರಡರ ನಡುವೆ. ಖಾನನ ಕುದುರೆ ಪಡೆಗಿಂತ ದೊಡ್ಡ ಆಯುಧ ದೊರೆಗಳ ದಾಯಾದಿ ಜಗಳವೇ ಆಗಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಕೆಳಗಿನ ಉತ್ತರಗಳಲ್ಲಿ ಕಾಣುತ್ತೆ.

ಆಗ ರಷ್ಯಾ ಅನ್ನೋ ದೇಶ ಇತ್ತಾ?

ಇವತ್ತಿನ ಅರ್ಥದಲ್ಲಿ ಇರಲಿಲ್ಲ. 'ರುಸ್' ಅಂತ ಕರೆಯುತ್ತಿದ್ದ ಒಂದು ದೊಡ್ಡ ನಾಡಿತ್ತು. ಒಂದೇ ಮನೆತನದ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು, ಅವರ ಮಕ್ಕಳು ಅದನ್ನು ಹಂಚಿಕೊಂಡು ಆಳುತ್ತಿದ್ದರು. ಹೆಸರಿಗೆ ಕೀವ್ ಹಿರಿಯ ಪಟ್ಟಣ. ಆದರೆ 1200ರ ಹೊತ್ತಿಗೆ ಈಶಾನ್ಯದಲ್ಲಿ ವ್ಲಾಡಿಮಿರ್, ನೈಋತ್ಯದಲ್ಲಿ ಗಾಲಿಚ್ ಮತ್ತು ವೊಲಿನ್, ವಾಯವ್ಯದಲ್ಲಿ ವ್ಯಾಪಾರಿಗಳ ಊರಾದ ನೋವ್ಗೊರೋಡ್ ಬಲವಾಗಿ ಬೆಳೆದಿದ್ದವು. ಮಾಸ್ಕೋ ಆಗ ಮರದ ಕೋಟೆಯ ಒಂದು ಸಣ್ಣ ಊರು ಅಷ್ಟೆ.

ಪಟ್ಟ ಯಾವಾಗಲೂ ತಂದೆಯಿಂದ ಮಗನಿಗೆ ನೇರವಾಗಿ ಹೋಗುತ್ತಿರಲಿಲ್ಲ. ಹಳೆಯ ಪದ್ಧತಿ ಪ್ರಕಾರ ಅಣ್ಣನ ನಂತರ ತಮ್ಮ, ತಮ್ಮಂದಿರೆಲ್ಲ ಮುಗಿದ ಮೇಲೆ ಹಿರಿಯಣ್ಣನ ಮಗ. ಹಾಗಾಗಿ ಪ್ರತಿ ಸಲ ಒಬ್ಬ ದೊರೆ ಸತ್ತಾಗಲೂ ಚಿಕ್ಕಪ್ಪ ಮತ್ತು ಅಣ್ಣನ ಮಕ್ಕಳ ನಡುವೆ ತಕರಾರು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕಾಗುತ್ತೆ.

ಮಂಗೋಲರನ್ನು ತಡೆಯಲು ಯಾಕೆ ಆಗಲಿಲ್ಲ?

ಎಚ್ಚರಿಕೆ ಸಿಕ್ಕಿತ್ತು. 1223ರಲ್ಲಿ ಜೆಬೆ ಮತ್ತು ಸುಬುತಾಯ್ ಎಂಬ ಸೇನಾಪತಿಗಳ ಪಡೆ ದಕ್ಷಿಣದ ಹುಲ್ಲುಗಾವಲಿಗೆ ಬಂದಾಗ, ಕಲ್ಕಾ ನದಿ ಹತ್ತಿರ ಹಲವು ದೊರೆಗಳು ಸೇರಿ ಎದುರಿಸಿದರು. ಆದರೆ ಒಬ್ಬರ ಮಾತು ಒಬ್ಬರು ಕೇಳಲಿಲ್ಲ. ಗಾಲಿಚ್‌ನ ಮ್ಸ್ತಿಸ್ಲಾವ್ ಉಳಿದವರಿಗೆ ಹೇಳದೆ ನದಿ ದಾಟಿ ನುಗ್ಗಿದ. ಕೀವ್‌ನ ಮ್ಸ್ತಿಸ್ಲಾವ್ ಗುಡ್ಡದ ಮೇಲೆ ಬೇಲಿ ಕಟ್ಟಿಕೊಂಡು ಕೂತ. ಸೋತು ಶರಣಾದ ದೊರೆಗಳನ್ನು ಹಲಗೆಗಳ ಕೆಳಗೆ ಹಾಕಿ, ಅದರ ಮೇಲೆ ಮಂಗೋಲರು ಕೂತು ಊಟ ಮಾಡಿದರು ಅಂತ ಅಲ್ಲಿನ ವೃತ್ತಾಂತ ಹೇಳುತ್ತೆ. ಆಮೇಲೆ ಆ ಪಡೆ ವಾಪಸ್ ಹೋಯಿತು. ದೊರೆಗಳು ಮತ್ತೆ ತಮ್ಮ ತಮ್ಮ ಜಗಳಕ್ಕೆ ಮರಳಿದರು. 14 ವರ್ಷ ಸಮಯ ಇತ್ತು, ಏನೂ ಮಾಡಲಿಲ್ಲ.

1237ರ ಚಳಿಗಾಲದಲ್ಲಿ ಚಂಗೀಸ್ ಖಾನನ ಮೊಮ್ಮಗ ಬಟು ದೊಡ್ಡ ಸೈನ್ಯದೊಂದಿಗೆ ಬಂದ. ಚಳಿಗಾಲದಲ್ಲಿ ರಷ್ಯಾಕ್ಕೆ ನುಗ್ಗಬಾರದು ಅಂತಾರಲ್ವಾ? ಮಂಗೋಲರು ಬೇಕಂತಲೇ ಚಳಿಗಾಲ ಆರಿಸಿಕೊಂಡರು. ಕಾಡು, ಜೌಗು ತುಂಬಿದ ಆ ನಾಡಲ್ಲಿ ಹೆಪ್ಪುಗಟ್ಟಿದ ನದಿಗಳೇ ಒಳ್ಳೆಯ ರಸ್ತೆ. ಡಿಸೆಂಬರ್ 21ಕ್ಕೆ ರಿಯಾಜಾನ್ ಬಿತ್ತು. ಅಲ್ಲಿನವರು ಸಹಾಯ ಕೇಳಿದ್ದರು, ವ್ಲಾಡಿಮಿರ್‌ನ ಯೂರಿ ಹೋಗಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅವನ ವ್ಲಾಡಿಮಿರ್ ಕೂಡ ಬಿತ್ತು. ಅವನ ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು ಚರ್ಚ್‌ನೊಳಗೆ ಬೆಂಕಿಗೆ ಸಿಕ್ಕಿ ಸತ್ತರು. 1238ರ ಮಾರ್ಚ್ 4ರಂದು ಸಿತ್ ನದಿ ದಂಡೆಯಲ್ಲಿ ಯೂರಿಯೂ ಸತ್ತ.

ಪುಟ್ಟ ಊರು ಕೊಜೆಲ್ಸ್ಕ್ ಮಾತ್ರ ಏಳು ವಾರ ತಡೆದು ನಿಂತಿತು. ಅದರ ದೊರೆ ಇನ್ನೂ ಹುಡುಗ. ಮಂಗೋಲರು ಅದನ್ನು 'ಕೆಟ್ಟ ಊರು' ಅಂತ ಕರೆದರು. 1240ರ ಡಿಸೆಂಬರ್‌ನಲ್ಲಿ ಕೀವ್ ಬಿತ್ತು. ಐದಾರು ವರ್ಷದ ನಂತರ ಆ ದಾರಿಯಲ್ಲಿ ಹೋದ ಪೋಪ್‌ನ ದೂತ ಕಾರ್ಪಿನಿ, ಹೊಲಗಳಲ್ಲಿ ಲೆಕ್ಕವಿಲ್ಲದಷ್ಟು ತಲೆಬುರುಡೆ ಬಿದ್ದಿದ್ದವು, ಕೀವ್‌ನಲ್ಲಿ 200 ಮನೆ ಉಳಿದಿದ್ದರೆ ಹೆಚ್ಚು ಅಂತ ಬರೆದಿದ್ದಾನೆ.

ಹಳೆಯ ರಿಯಾಜಾನ್ ಮತ್ತೆ ಮೊದಲಿನಂತೆ ಎದ್ದೇಳಲಿಲ್ಲ. ಇವತ್ತು ಭೂಪಟದಲ್ಲಿ ಕಾಣುವ ರಿಯಾಜಾನ್ ಬೇರೆ ಊರು, ಆ ಹೆಸರು ಅದಕ್ಕೆ ಬಂದದ್ದು 1778ರಲ್ಲಿ. ಹಳೆಯ ಜಾಗದಲ್ಲಿ ಅಗೆದಾಗ ಸಾಮೂಹಿಕ ಸಮಾಧಿಗಳು ಸಿಕ್ಕಿವೆ. ಈಶಾನ್ಯ ನಾಡಿನಲ್ಲಿ ಹೊಸ ಕಲ್ಲಿನ ಚರ್ಚ್ ಕಟ್ಟಲು ಸುಮಾರು ಅರ್ಧ ಶತಮಾನ ಬೇಕಾಯಿತು. "ಹಾನಿ ಅಷ್ಟೇನೂ ಆಗಿರಲಿಲ್ಲ" ಅನ್ನುವವರು ಇದನ್ನು ನೋಡಬೇಕು.

ಮಂಗೋಲರು ಅನ್ನಬೇಕಾ, ತಾತಾರರು ಅನ್ನಬೇಕಾ?

ಎರಡೂ ನಡೆಯುತ್ತೆ. ರುಸ್ ಜನ 'ತಾತಾರರು' ಅಂತಲೇ ಬರೆದರು. ಮೇಲಿನ ಮನೆತನ ಚಂಗೀಸ್ ಖಾನನದು, ಆದರೆ ಸೈನ್ಯದಲ್ಲಿ ತುರ್ಕಿ ಭಾಷೆಯ ಕಿಪ್ಚಾಕರು ತುಂಬಾ ಇದ್ದರು, ಬೇಗನೆ ಎಲ್ಲರೂ ಅದೇ ಭಾಷೆಗೆ ತಿರುಗಿದರು. ವೋಲ್ಗಾ ನದಿಯ ಕೆಳದಂಡೆಯಲ್ಲಿ ಸರಾಯ್ ಎಂಬ ರಾಜಧಾನಿ ಕಟ್ಟಿದ ಈ ರಾಜ್ಯವನ್ನು ಈಗ 'ಸುವರ್ಣ ತಂಡ' ಅಥವಾ 'ಗೋಲ್ಡನ್ ಹೋರ್ಡ್' ಅನ್ನುತ್ತಾರೆ. ಇಲ್ಲಿ ನಾನು ಸರಳವಾಗಿ 'ಹೋರ್ಡ್' ಅಂತ ಬರೆಯುತ್ತೇನೆ.

ಗೆದ್ದ ಮೇಲೆ ಅವರೇ ಕೂತು ಯಾಕೆ ಆಳಲಿಲ್ಲ?

ಅವರ ಬದುಕು ಕುದುರೆ, ಕುರಿ, ಹುಲ್ಲುಗಾವಲು. ಕಾಡಿನ ನಾಡಲ್ಲಿ ಅವರ ಮಂದೆಗೆ ಮೇವಿಲ್ಲ. ಅವರಿಗೆ ಬೇಕಿದ್ದದ್ದು ಬೆಳ್ಳಿ, ತುಪ್ಪಳ, ಕೆಲಸಕ್ಕೆ ಜನ, ಯುದ್ಧಕ್ಕೆ ಸೈನಿಕರು. ಅದನ್ನೆಲ್ಲ ಸ್ಥಳೀಯ ದೊರೆಯೇ ಒಟ್ಟು ಮಾಡಿ ಕಳಿಸಿದರೆ ತಾವು ಅಲ್ಲಿ ಕೂರುವ ಗೋಜು ಯಾಕೆ? ಹಾಗಾಗಿ ದೊರೆಗಳನ್ನು ಸಾಮಂತರಾಗಿ ಉಳಿಸಿಕೊಂಡರು. ಷರತ್ತು ಇಷ್ಟೆ: ಪ್ರತಿಯೊಬ್ಬರೂ ಖಾನನ ಬಳಿ ಖುದ್ದಾಗಿ ಬಂದು 'ಯಾರ್ಲಿಕ್', ಅಂದರೆ ಸನ್ನದು, ಪಡೆಯಬೇಕು. ಸನ್ನದು ಇಲ್ಲದವನು ದೊರೆಯೇ ಅಲ್ಲ. ಎಲ್ಲಕ್ಕಿಂತ ಮೇಲಿನದು ವ್ಲಾಡಿಮಿರ್‌ನ ಮಹಾದೊರೆಯ ಪಟ್ಟ.

ಮೊದಲ ಕೆಲವು ದಶಕ 'ಬಾಸ್ಕಾಕ್' ಎಂಬ ಖಾನನ ಅಧಿಕಾರಿಗಳು ಊರುಗಳಲ್ಲಿ ಇದ್ದು ಕಣ್ಣಿಡುತ್ತಿದ್ದರು. 1300 ದಾಟಿದ ಮೇಲೆ ಈಶಾನ್ಯದಲ್ಲಿ ಅವರು ಮರೆಯಾಗುತ್ತಾರೆ. ದೊರೆಗಳೇ ಆ ಕೆಲಸ ಅಷ್ಟು ಚೆನ್ನಾಗಿ ಮಾಡಲು ಶುರು ಮಾಡಿದ್ದರು.

ಖಾನನ ಹತ್ತಿರ ಹೋದಾಗ ಏನಾಗುತ್ತಿತ್ತು?

ಹೊರಡುವ ಮೊದಲು ಉಯಿಲು ಬರೆದಿಟ್ಟು ಹೋದವರಿದ್ದಾರೆ ಅಂದರೆ ನೀವೇ ಊಹಿಸಿ. ಮೊದಲಿಗೆ ಎರಡು ಬೆಂಕಿಗಳ ನಡುವೆ ನಡೆಯಬೇಕು, ಕೆಟ್ಟ ಉದ್ದೇಶ ಏನಾದರೂ ಇದ್ದರೆ ಅದು ಕಳೆಯಲಿ ಅಂತ. ಆಮೇಲೆ ಮಂಡಿಯೂರಿ ನಮಸ್ಕಾರ. ಖಾನನಿಗೆ, ಅವನ ಹೆಂಡತಿಯರಿಗೆ, ದೊಡ್ಡ ಅಧಿಕಾರಿಗಳಿಗೆ, ಎಲ್ಲರಿಗೂ ಕಾಣಿಕೆ. ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕಾಯುವುದು.

ಮೂವರ ಅನುಭವ ನೋಡಿ, ಎಲ್ಲ 1246ರ ಆಸುಪಾಸಿನದು.

ಗಾಲಿಚ್‌ನ ದಾನಿಯೀಲ್ ಬಟುವಿನ ಗುಡಾರಕ್ಕೆ ಹೋದ. ಬಟು ಕೇಳಿದ: ನಮ್ಮ ಕಪ್ಪು ಹಾಲು, ಕುದುರೆ ಹಾಲಿನ ಕುಮಿಸ್, ಕುಡಿಯುತ್ತೀಯಾ? ಇಲ್ಲಿವರೆಗೆ ಕುಡಿದಿಲ್ಲ, ನೀನು ಹೇಳಿದರೆ ಕುಡಿಯುತ್ತೇನೆ ಅಂದ ದಾನಿಯೀಲ್. ಇನ್ನು ನೀನು ನಮ್ಮವನೇ ಅಂದ ಬಟು. ಹುಳಿ ಹಾಲು ಒಗ್ಗದವನು ಅಂತ ಆಮೇಲೆ ಅವನಿಗೆ ವೈನ್ ಕೂಡ ಕಳಿಸಿಕೊಟ್ಟ. ಅವನ ರಾಜ್ಯ ಉಳಿಯಿತು. ಆದರೆ ಅವನ ಆಸ್ಥಾನದ ವೃತ್ತಾಂತಕಾರ ಈ ಮರ್ಯಾದೆಯನ್ನು ಕೇಡಿಗಿಂತ ದೊಡ್ಡ ಕೇಡು ಅಂತ ನೊಂದು ಬರೆದ. ತಂದೆ ಕಾಲದಲ್ಲಿ ರುಸ್ ನಾಡೆಲ್ಲ ಅಂಜುತ್ತಿದ್ದ ಮನೆತನದವನು ಈಗ ಮಂಡಿಯೂರಿ ನಿಂತು ತನ್ನನ್ನು ಗುಲಾಮ ಅಂತ ಕರೆದುಕೊಳ್ಳಬೇಕಾಯಿತಲ್ಲ ಅನ್ನೋ ಸಂಕಟ ಆ ಸಾಲುಗಳಲ್ಲಿದೆ.

ಚೆರ್ನಿಗೋವ್‌ನ ಮಿಖಾಯಿಲ್ ಕೂಡ ಹೋದ. ಬಟುವಿಗೆ ನಮಸ್ಕರಿಸುತ್ತೇನೆ, ಸತ್ತವನ ಪ್ರತಿಮೆಗೆ ನಮಸ್ಕರಿಸಲಾರೆ ಅಂದ. ಆ ಪ್ರತಿಮೆ ಚಂಗೀಸ್ ಖಾನನದು. ಬೇಡ ಅಂತ ಜೊತೆಗೆ ಬಂದವರು ಅಂಗಲಾಚಿದರೂ ಒಪ್ಪಲಿಲ್ಲ. ಅವನನ್ನೂ, ಅವನ ಜೊತೆ ನಿಂತ ಫ್ಯೋದರ್ ಎಂಬ ಸರದಾರನನ್ನೂ ಕೊಂದರು. ಇಬ್ಬರೂ ಚರ್ಚ್‌ಗೆ ಸಂತರಾದರು.

ಮೂರನೆಯವನು ಯೂರಿಯ ತಮ್ಮ, ವ್ಲಾಡಿಮಿರ್‌ನ ಯರೋಸ್ಲಾವ್. 1243ರಲ್ಲೇ ಬಟು ಬಳಿ ಹೋಗಿ ಹಿರಿಯ ಪಟ್ಟ ಪಡೆದಿದ್ದ. ಆಮೇಲೆ ಮಂಗೋಲಿಯಾದ ಕಾರಾಕೋರಮ್‌ವರೆಗೆ ಹೋಗಬೇಕಾಯಿತು, ಗುಯುಕ್ ಎಲ್ಲ ಮಂಗೋಲರ ಮೇಲಿನ ಮಹಾಖಾನನಾಗುವ ಸಂದರ್ಭಕ್ಕೆ. ಗುಯುಕ್‌ನ ತಾಯಿ ತನ್ನ ಕೈಯಾರೆ ಅವನಿಗೆ ತಿನ್ನಲು, ಕುಡಿಯಲು ಕೊಟ್ಟಳು. ಬಿಡಾರಕ್ಕೆ ಬಂದವನು ಕಾಯಿಲೆ ಬಿದ್ದು ಏಳು ದಿನದಲ್ಲಿ ಸತ್ತ, ಮೈ ನೀಲಿಯಾಗಿತ್ತು ಅಂತ ಕಾರ್ಪಿನಿ ಬರೆಯುತ್ತಾನೆ. ಅವನೂ ಆಗ ಅಲ್ಲೇ ಇದ್ದ. ವಿಷ ಅಂತ ಎಲ್ಲರೂ ನಂಬಿದರು.

ಬಗ್ಗಿದವನು ಉಳಿದ, ಬಗ್ಗದವನು ಸತ್ತ, ಪೂರ್ತಿ ಬಗ್ಗಿದವನೂ ಸತ್ತ. ಹಾಗಿತ್ತು ಆ ದರ್ಬಾರು.

ಅಲೆಕ್ಸಾಂಡರ್ ನೆವ್ಸ್ಕಿ ವೀರನೋ, ದ್ರೋಹಿಯೋ?

ಎಲ್ಲಕ್ಕಿಂತ ಜಾಸ್ತಿ ಜಗಳ ಆಗೋದು ಈ ಪ್ರಶ್ನೆಗೆ. ಈತ ಯರೋಸ್ಲಾವನ ಮಗ. 1240ರಲ್ಲಿ ನೆವಾ ನದಿ ಹತ್ತಿರ ಸ್ವೀಡನ್ನರನ್ನು, 1242ರ ಏಪ್ರಿಲ್‌ನಲ್ಲಿ ಹೆಪ್ಪುಗಟ್ಟಿದ ಪೈಪಸ್ ಸರೋವರದ ಮೇಲೆ ಜರ್ಮನ್ ಕ್ರೈಸ್ತ ಯೋಧರನ್ನು ಸೋಲಿಸಿದವನು. ಅಲ್ಲಿವರೆಗೆ ಎಲ್ಲರೂ ಒಪ್ಪುತ್ತಾರೆ.

ತಕರಾರು ಬರೋದು ಆಮೇಲಿನದ್ದಕ್ಕೆ. ಅಪ್ಪ ಸತ್ತ ಮೇಲೆ ಅಲೆಕ್ಸಾಂಡರ್, ತಮ್ಮ ಆಂದ್ರೇಯ್ ಇಬ್ಬರೂ ಬಟು ಬಳಿಗೆ, ಅಲ್ಲಿಂದ ಕಾರಾಕೋರಮ್‌ಗೆ ಹೋದರು. ವ್ಲಾಡಿಮಿರ್ ಸಿಕ್ಕಿದ್ದು ತಮ್ಮನಿಗೆ. ಅಣ್ಣನಿಗೆ ಸಿಕ್ಕಿದ್ದು ಹಾಳುಬಿದ್ದ ಕೀವ್. 1252ರಲ್ಲಿ ಅಲೆಕ್ಸಾಂಡರ್ ಹೋರ್ಡ್‌ಗೆ ಹೋದ. ಅದೇ ವರ್ಷ ನೆವ್ರುಯ್ ಎಂಬ ಸೇನಾಪತಿಯ ಪಡೆ ಬಂದು ಆಂದ್ರೇಯ್‌ನನ್ನು ಓಡಿಸಿತು. ಆಂದ್ರೇಯ್ ಸ್ವೀಡನ್‌ಗೆ ಹೋಗಿ ತಲೆಮರೆಸಿಕೊಂಡ. ವ್ಲಾಡಿಮಿರ್ ಪಟ್ಟ ಅಣ್ಣನಿಗೆ ಬಂತು. ಅಣ್ಣನೇ ಆ ಪಡೆ ಕರೆಸಿದನಾ ಅನ್ನೋದರ ಬಗ್ಗೆ ವಿದ್ವಾಂಸರು ಇನ್ನೂ ಬಡಿದಾಡುತ್ತಿದ್ದಾರೆ, ಆದರೆ ಲಾಭ ಆದದ್ದು ಅವನಿಗೇ.

ಆಮೇಲೆ ಜನಗಣತಿ. ಯಾರ ಮನೆಯಿಂದ ಎಷ್ಟು ಕಪ್ಪ ಅಂತ ಲೆಕ್ಕ ಹಾಕಲು ಮಂಗೋಲರು 1257ರಿಂದ ತಲೆ ಎಣಿಸತೊಡಗಿದರು. ನೋವ್ಗೊರೋಡ್ ಜನ ಒಪ್ಪಲಿಲ್ಲ. ಆ ಊರನ್ನು ಮಂಗೋಲರು ಗೆದ್ದೇ ಇರಲಿಲ್ಲ. ಅಲೆಕ್ಸಾಂಡರ್‌ನ ಸ್ವಂತ ಮಗ ವಸೀಲಿ ಜನರ ಜೊತೆ ನಿಂತ. ಅಪ್ಪ ಮಗನನ್ನು ಊರಿಂದ ಓಡಿಸಿ, ಅವನಿಗೆ ಬುದ್ಧಿ ಹೇಳಿಕೊಟ್ಟವರ ಮೂಗು ಕೊಯ್ಸಿದ, ಕಣ್ಣು ಕೀಳಿಸಿದ. 1259ರಲ್ಲಿ ಎಣಿಕೆ ಮುಗಿಯಿತು. ರಾತ್ರಿ ಜನ ಕೊಂದುಬಿಡುತ್ತಾರೆ ಅಂತ ಹೆದರಿದ ಎಣಿಕೆಯವರಿಗೆ ಅಲೆಕ್ಸಾಂಡರ್‌ನೇ ಕಾವಲು ಕೊಟ್ಟ. ಶ್ರೀಮಂತರು ತಮಗೆ ಹಗುರ ಮಾಡಿಕೊಂಡು ಬಡವರ ಮೇಲೆ ಭಾರ ಹೊರಿಸಿದರು ಅಂತ ನೋವ್ಗೊರೋಡ್ ವೃತ್ತಾಂತ ನೇರವಾಗಿಯೇ ಹೇಳುತ್ತೆ.

ನನ್ನ ಉತ್ತರ: ಅವನಿಗೆ ಎದುರು ನಿಂತು ಗೆಲ್ಲುವ ದಾರಿ ಇರಲಿಲ್ಲ, ಅದು ಸತ್ಯ. ನೋವ್ಗೊರೋಡ್ ತಿರುಗಿಬಿದ್ದಿದ್ದರೆ ರಿಯಾಜಾನ್‌ಗೆ ಆದದ್ದೇ ಆಗುತ್ತಿತ್ತು. 1262ರಲ್ಲಿ ರೊಸ್ತೋವ್, ಸುಜ್ದಾಲ್ ಮುಂತಾದ ಊರುಗಳ ಜನ ತೆರಿಗೆ ಗುತ್ತಿಗೆದಾರರನ್ನು ಹೊಡೆದೋಡಿಸಿದಾಗ ಅವನು ಹೋರ್ಡ್‌ಗೆ ಹೋಗಿ ಬೇಡಿಕೊಂಡ, ಸೇಡಿನ ದಾಳಿ ಆಗಲಿಲ್ಲ, ಬರುವ ದಾರಿಯಲ್ಲೇ 1263ರ ನವೆಂಬರ್‌ನಲ್ಲಿ ಗೊರೊದೆತ್ಸ್ ಎಂಬಲ್ಲಿ ಸತ್ತ. ಇಷ್ಟೆಲ್ಲ ಒಪ್ಪಿಕೊಂಡರೂ, ಕೊಯ್ದ ಮೂಗುಗಳನ್ನು ಮುಚ್ಚಿಟ್ಟು ಅವನ ಚಿತ್ರ ಬರೆಯೋದು ನ್ಯಾಯವಲ್ಲ.

ಅವನ ಮಕ್ಕಳ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಡಿಮಿಟ್ರಿ ಮತ್ತು ಆಂದ್ರೇಯ್ ಅನ್ನೋ ಇಬ್ಬರು ಪಟ್ಟಕ್ಕಾಗಿ ಮತ್ತೆ ಮತ್ತೆ ಮಂಗೋಲ್ ಪಡೆಗಳನ್ನು ತಂದರು. 1293ರಲ್ಲಿ ಆಂದ್ರೇಯ್ ಪರವಾಗಿ ಬಂದ ದ್ಯುದೆನ್‌ನ ಪಡೆ ವ್ಲಾಡಿಮಿರ್, ಮಾಸ್ಕೋ ಸೇರಿ 14 ಊರುಗಳನ್ನು ದೋಚಿತು. ಇದು ಖಾನ್ ತಾನಾಗಿ ಮಾಡಿದ ದಾಳಿಯಲ್ಲ, ತಮ್ಮನೇ ಅಣ್ಣನ ಮೇಲೆ ತರಿಸಿದ್ದು.

ಕಪ್ಪ ಎಷ್ಟಿತ್ತು? ಅಷ್ಟು ಬೆಳ್ಳಿ ಎಲ್ಲಿಂದ ಬರುತ್ತಿತ್ತು?

1400ರ ಆಸುಪಾಸಿನ ಪತ್ರಗಳಲ್ಲಿ 5,000, 7,000 ರೂಬಲ್‌ನ ಮಾತು ಬರುತ್ತೆ. ಆಗಿನ ರೂಬಲ್ ಅಂದರೆ ಸುಮಾರು 200 ಗ್ರಾಂ ತೂಕದ ಬೆಳ್ಳಿ ಗಟ್ಟಿ. ಹಾಗೆ ಲೆಕ್ಕ ಹಾಕಿದರೆ 5,000 ಅಂದರೆ ಹತ್ತಿರ ಹತ್ತಿರ ಒಂದು ಟನ್. 1384ರಲ್ಲಿ ಭಾರೀ ಕಪ್ಪ ಬಿದ್ದಾಗ ಪ್ರತಿ ಹಳ್ಳಿಗೂ ಅರ್ಧ ರೂಬಲ್ ಹಾಕಿದರು. ಆಗಿನ ಹಳ್ಳಿ ಅಂದರೆ ಒಂದೆರಡು, ಹೆಚ್ಚೆಂದರೆ ಮೂರು ಮನೆ.

ರುಸ್‌ನಲ್ಲಿ ಬೆಳ್ಳಿ ಗಣಿಯೇ ಇರಲಿಲ್ಲ. ಕಾಡಿನ ಅಳಿಲು ತುಪ್ಪಳ, ಜೇನುಮೇಣ ನೋವ್ಗೊರೋಡ್‌ಗೆ ಬಂದು, ಅಲ್ಲಿಂದ ಜರ್ಮನ್ ವ್ಯಾಪಾರಿಗಳ ಹಡಗಲ್ಲಿ ಪಶ್ಚಿಮಕ್ಕೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಬೆಳ್ಳಿ ಬರುತ್ತಿತ್ತು. ಅಂದರೆ ನೋವ್ಗೊರೋಡ್ ಯಾರ ಹಿಡಿತದಲ್ಲಿದೆಯೋ ಅವನೇ ಖಾನನಿಗೆ ಸರಿಯಾಗಿ ಕಪ್ಪ ಕಟ್ಟಬಲ್ಲ. ಮಾಸ್ಕೋ, ಅದರ ಎದುರಾಳಿ ಸಂಸ್ಥಾನ ತ್ವೆರ್ ಎರಡೂ ಆ ಊರಿಗಾಗಿ ಅಷ್ಟು ಕಚ್ಚಾಡಿದ್ದರ ಒಳಗುಟ್ಟು ಇದು.

ಬೆಳ್ಳಿ ಮಾತ್ರವಲ್ಲ, ಸೈನಿಕರನ್ನೂ ಕೊಡಬೇಕಿತ್ತು. 1277ರಲ್ಲಿ ರೊಸ್ತೋವ್, ಯರೋಸ್ಲಾವ್ಲ್ ಕಡೆಯ ದೊರೆಗಳು ಖಾನ್ ಮೆಂಗು ತೆಮೀರ್ ಜೊತೆ ಕಾಕಸಸ್‌ಗೆ ಹೋಗಿ ಅಲಾನರ ವಿರುದ್ಧ ಹೋರಾಡಿದರು.

ಚರ್ಚ್‌ಗೆ ಏನೂ ಮಾಡಲಿಲ್ವಾ?

ದಾಳಿಯಲ್ಲಿ ಚರ್ಚ್‌ಗಳೂ ಸುಟ್ಟವು, ಆದರೆ ಗೆದ್ದ ಮೇಲೆ ಕಾಪಾಡಿದರು. ಎಣಿಕೆಯಲ್ಲಿ ಪಾದ್ರಿಗಳನ್ನು, ಸನ್ಯಾಸಿಗಳನ್ನು ಸೇರಿಸಲಿಲ್ಲ. ಅವರಿಗೆ ತೆರಿಗೆ ಇಲ್ಲ. 1267ರ ಸನ್ನದಿನಲ್ಲಿ ಇದನ್ನು ಬರೆದೇ ಕೊಟ್ಟರು. ಪ್ರತಿಯಾಗಿ ಚರ್ಚ್ ಖಾನನ ಒಳಿತಿಗಾಗಿ ಪ್ರಾರ್ಥಿಸಬೇಕು. ಸರಾಯ್‌ನಲ್ಲೇ 1261ರಿಂದ ಒಬ್ಬ ಬಿಷಪ್ ಇದ್ದ. ಉಜ್ಬೆಕ್ ಖಾನ್ (1313–1341) ಇಸ್ಲಾಂ ಅನ್ನು ಹೋರ್ಡ್‌ನ ಧರ್ಮ ಮಾಡಿದ ಮೇಲೂ ಈ ವ್ಯವಸ್ಥೆ ನಡೆಯಿತು. ರೈತನ ಮನೆ ಬರಿದಾಗುತ್ತಿದ್ದಾಗ ಮಠಗಳ ಜಮೀನು ಬೆಳೆಯಿತು.

ತ್ವೆರ್ ಮತ್ತು ಮಾಸ್ಕೋ ಜಗಳ ಏನು?

ಇಡೀ ಕಾಲದಲ್ಲಿ ಒಂದೇ ಒಂದು ಕಥೆ ಓದುವುದಾದರೆ ಇದನ್ನು ಓದಿ. ಇಬ್ಬರೂ ಒಂದೇ ವಂಶ: ಮಾಸ್ಕೋದವರು ನೆವ್ಸ್ಕಿಯ ಸಂತತಿ, ತ್ವೆರ್‌ನವರು ಅವನ ತಮ್ಮನ ಸಂತತಿ. 1304ರ ನಂತರ ವ್ಲಾಡಿಮಿರ್ ಪಟ್ಟ ತ್ವೆರ್‌ನ ಮಿಖಾಯಿಲ್‌ಗೆ ಬಂತು. ಹಳೆಯ ಪದ್ಧತಿ ಪ್ರಕಾರ ಅವನದೇ ಸರಿಯಾದ ಹಕ್ಕು. ಮಾಸ್ಕೋದ ಯೂರಿಗೆ ಹಕ್ಕೇ ಇರಲಿಲ್ಲ, ಯಾಕಂದರೆ ಅವನಪ್ಪ ಆ ಪಟ್ಟ ಏರಿರಲಿಲ್ಲ.

ಹಕ್ಕಿಲ್ಲದ ಯೂರಿ ಹೋರ್ಡ್‌ಗೆ ಹೋಗಿ ಕೂತ. ಅಲ್ಲೇ ಉಜ್ಬೆಕ್ ಖಾನನ ತಂಗಿ ಕೊಂಚಾಕಳನ್ನು ಮದುವೆಯಾದ. ಖಾನನ ಭಾವನಾಗಿ, ಸನ್ನದು ಹಿಡಿದುಕೊಂಡು, ಕಾವ್ಗದಿ ಎಂಬ ಸೇನಾಪತಿಯ ಜೊತೆ ವಾಪಸ್ ಬಂದ. ಮಿಖಾಯಿಲ್ ಪಟ್ಟ ಬಿಟ್ಟುಕೊಟ್ಟ. ಆದರೂ ಯೂರಿ ತ್ವೆರ್ ಸೀಮೆಗೇ ನುಗ್ಗಿ ಸುಡತೊಡಗಿದಾಗ ಸುಮ್ನೆ ಕೂರಲಾಗಲಿಲ್ಲ. 1317ರ ಡಿಸೆಂಬರ್‌ನಲ್ಲಿ ಬೊರ್ತೆನೆವೊ ಹತ್ತಿರ ಮಿಖಾಯಿಲ್ ಗೆದ್ದ. ಯೂರಿ ಓಡಿದ, ಕೊಂಚಾಕ ಸೆರೆ ಸಿಕ್ಕಳು. ತ್ವೆರ್‌ನಲ್ಲಿ ಸೆರೆಯಲ್ಲಿರುವಾಗಲೇ ಆಕೆ ಸತ್ತಳು.

ಯೂರಿ ಖಾನನ ಬಳಿ ಓಡಿಹೋಗಿ ದೂರು ಕೊಟ್ಟ: ಕಪ್ಪ ಮುಚ್ಚಿಟ್ಟಿದ್ದಾನೆ, ನಿನ್ನ ದೂತನ ಮೇಲೆ ಕತ್ತಿ ಎತ್ತಿದ್ದಾನೆ, ನಿನ್ನ ತಂಗಿಯನ್ನು ಕೊಂದಿದ್ದಾನೆ. ಕರೆ ಬಂತು. ನಮ್ಮನ್ನು ಕಳಿಸು ಅಂತ ಮಕ್ಕಳು ಕೇಳಿಕೊಂಡರು. ನಾನು ಹೋಗದಿದ್ದರೆ ಊರಿಗೆ ಊರೇ ನಾಶವಾಗುತ್ತೆ ಅಂತ ಮಿಖಾಯಿಲ್ ತಾನೇ ಹೊರಟ. ವಿಚಾರಣೆ ನಡೆಯಿತು, ನ್ಯಾಯ ಹೇಳುವವರಲ್ಲಿ ಕಾವ್ಗದಿಯೂ ಒಬ್ಬ, ದೂರು ಕೊಟ್ಟವರಲ್ಲೂ ಅವನೇ ಒಬ್ಬ. ಕುತ್ತಿಗೆಗೆ ಭಾರದ ಮರದ ತುಂಡು ಬಿಗಿದು, ಖಾನನ ಬಿಡಾರ ಬೇಟೆಗಾಗಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಕರೆದುಕೊಂಡು ಹೋದರು. 1318ರ ನವೆಂಬರ್ 22ರಂದು ಅವನನ್ನು ಕೊಂದರು. ಹೆಣ ಬೆತ್ತಲೆಯಾಗಿ ಬಿದ್ದಿತ್ತು. ಅದನ್ನು ನೋಡಿ ಕಾವ್ಗದಿಯೇ ಯೂರಿಗೆ ಗದರಿದನಂತೆ: ನಿನಗೆ ತಂದೆಯ ಸಮಾನ ಹಿರಿಯನಲ್ಲವೇ ಇವನು, ಹೀಗೇ ಬಿಟ್ಟಿದ್ದೀಯಲ್ಲ? ಮಿಖಾಯಿಲ್‌ನ ಚರಿತ್ರೆ ಬರೆದವರು ತ್ವೆರ್ ಕಡೆಯವರು, ನಿಜ. ಆದರೂ ಆ ಮಾತು ಓದಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಏಳು ವರ್ಷದ ನಂತರ, 1325ರ ನವೆಂಬರ್ 21ರಂದು, ಮಿಖಾಯಿಲ್‌ನ ಮಗ ಡಿಮಿಟ್ರಿ ಹೋರ್ಡ್‌ನಲ್ಲೇ ಯೂರಿಯನ್ನು ಕತ್ತರಿಸಿ ಹಾಕಿದ. ಅಪ್ಪ ಸತ್ತ ದಿನಕ್ಕೆ ಒಂದೇ ದಿನ ಬಾಕಿ. ಅಪ್ಪಣೆ ಇಲ್ಲದೆ ಕೊಂದದ್ದಕ್ಕೆ ಖಾನ್ ಮರುವರ್ಷ ಡಿಮಿಟ್ರಿಯನ್ನೂ ಕೊಲ್ಲಿಸಿದ. ಪಟ್ಟ ಅವನ ತಮ್ಮ ಅಲೆಕ್ಸಾಂಡರ್‌ಗೆ ಹೋಯಿತು.

1327ರಲ್ಲಿ ಖಾನನ ನೆಂಟ ಚೊಲ್ ಖಾನ್ ತ್ವೆರ್‌ಗೆ ಬಂದು ದೊರೆಯ ಅರಮನೆಯಲ್ಲೇ ಬೀಡುಬಿಟ್ಟ. ಆಗಸ್ಟ್ 15ರ ಬೆಳಿಗ್ಗೆ ದುದ್ಕೊ ಎಂಬ ಚರ್ಚ್ ಸೇವಕ ತನ್ನ ಎಳೆಯ, ಚೆನ್ನಾಗಿ ಕೊಬ್ಬಿದ ಹೆಣ್ಣು ಕುದುರೆಗೆ ನೀರು ಕುಡಿಸಲು ವೋಲ್ಗಾ ನದಿಗೆ ಹೊರಟಿದ್ದ. ತಾತಾರರು ಅದನ್ನು ಕಿತ್ತುಕೊಂಡರು. "ತ್ವೆರ್ ಜನರೇ, ಕೈಬಿಡಬೇಡಿ" ಅಂತ ಅವನು ಕೂಗಿಕೊಂಡ. ಗಂಟೆ ಬಾರಿಸಿತು, ಊರೇ ಎದ್ದಿತು. ಚೊಲ್ ಖಾನ್ ಮತ್ತು ಅವನ ಜನರನ್ನೆಲ್ಲ ಕೊಂದರು. ತಾಳ್ಮೆಯಿಂದಿರಿ ಅಂತ ದೊರೆ ಹೇಳುತ್ತಲೇ ಇದ್ದ. ಜನ ಎದ್ದದ್ದು ತಾವಾಗಿಯೇ.

ಆಗ ಖಾನನ ಪಡೆಯ ಜೊತೆ ತ್ವೆರ್ ಮೇಲೆ ಬಂದವನು ಯೂರಿಯ ತಮ್ಮ, ಮಾಸ್ಕೋದ ಇವಾನ್. ಊರು ಸುಟ್ಟರು, ಸೀಮೆ ಹಾಳುಮಾಡಿದರು. ಓಡಿಹೋದ ಅಲೆಕ್ಸಾಂಡರ್‌ಗೆ ಪ್ಸ್ಕೋವ್ ಜನ ಆಶ್ರಯ ಕೊಟ್ಟಾಗ, ಚರ್ಚ್ ಆ ಊರಿಗೇ ಬಹಿಷ್ಕಾರ ಹಾಕಿತು. ಹತ್ತು ವರ್ಷದ ನಂತರ ಖಾನ್ ಕ್ಷಮಿಸಿ ತ್ವೆರ್ ಮರಳಿ ಕೊಟ್ಟ. ಎರಡೇ ವರ್ಷದಲ್ಲಿ, 1339ರಲ್ಲಿ, ಮತ್ತೆ ಕರೆಸಿ ಅವನನ್ನೂ ಮಗ ಫ್ಯೋದರ್‌ನನ್ನೂ ಕೊಲ್ಲಿಸಿದ. ಇವಾನ್ ತ್ವೆರ್‌ನ ಚರ್ಚ್ ಗಂಟೆಯನ್ನು ಬಿಚ್ಚಿಸಿ ಮಾಸ್ಕೋಗೆ ಸಾಗಿಸಿದ.

ಹಾಗಾದರೆ ಮಾಸ್ಕೋ ಗೆದ್ದದ್ದು ಚಾಡಿ ಹೇಳಿಯೇ?

ಅದೊಂದೇ ಅಂದರೆ ತಪ್ಪಾಗುತ್ತೆ. ಈ ಇವಾನ್‌ಗೆ 'ಕಲಿತಾ', ಅಂದರೆ ಹಣದ ಚೀಲ, ಅಂತ ಅಡ್ಡಹೆಸರು. ಬೇರೆ ಬೇರೆ ಸೀಮೆಗಳ ಕಪ್ಪ ವಸೂಲಿ ಮಾಡಿ ಹೊತ್ತಿಗೆ ಸರಿಯಾಗಿ ಕಟ್ಟುತ್ತಿದ್ದ. ನಡುವೆ ಒಂದಷ್ಟು ಮಾಸ್ಕೋದಲ್ಲೇ ಉಳಿಯುತ್ತಿತ್ತು ಅನ್ನೋದನ್ನು ಯಾರೂ ಅಲ್ಲಗಳೆಯಲ್ಲ. ಆ ದುಡ್ಡಲ್ಲಿ ಹಳ್ಳಿಗಳನ್ನು ಕೊಂಡ. ಚರ್ಚ್‌ನ ಹಿರಿಯ ಪೀಟರ್ ಮಾಸ್ಕೋದಲ್ಲೇ ಇರತೊಡಗಿದ, 1326ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಬಂದವರೂ ಅಲ್ಲೇ ನೆಲೆಸಿದರು. ಮಾಸ್ಕೋ ದೊರೆಗಳಿಗೆ ಮಕ್ಕಳು ಕಡಿಮೆ ಉಳಿದರು, ಹಾಗಾಗಿ ಆಸ್ತಿ ಚೂರು ಚೂರಾಗಲಿಲ್ಲ. ಇದು ಅದೃಷ್ಟ.

ಇನ್ನೊಂದು ಮಾತನ್ನೂ ಹೇಳಬೇಕು. ಕಲಿತಾ ಪಟ್ಟಕ್ಕೆ ಬಂದ ಮೇಲೆ 40 ವರ್ಷ ತಾತಾರರ ದಾಳಿ ನಿಂತು ದೊಡ್ಡ ನೆಮ್ಮದಿ ಆಯಿತು ಅಂತ ವೃತ್ತಾಂತ ಹೇಳುತ್ತೆ. ಮಾಸ್ಕೋದ ಹೊಗಳಿಕೆ ಅದರಲ್ಲಿದೆ. ಆದರೂ ಒಂದು ತಲೆಮಾರು ಮನೆ ಸುಡದೆ ಬೆಳೆಯಿತು ಅನ್ನೋದು ರೈತನಿಗೆ ಸಣ್ಣ ವಿಷಯವಲ್ಲ. ತ್ವೆರ್ ಜನರ ಪಾಲಿಗೆ ಆ ನೆಮ್ಮದಿ ಎಷ್ಟರ ಬೆಲೆಗೆ ಬಂತು ಅನ್ನೋದನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

1380ರ ಕುಲಿಕೊವೊ ಯುದ್ಧದಿಂದ ಸ್ವಾತಂತ್ರ್ಯ ಬಂತಲ್ವಾ?

ಬರಲಿಲ್ಲ. ಹೋರ್ಡ್ ಆಗ ಒಳಜಗಳದಲ್ಲಿ ಸಿಕ್ಕಿಕೊಂಡಿತ್ತು. 1359ರಿಂದ 20 ವರ್ಷದಲ್ಲಿ 20ಕ್ಕೂ ಹೆಚ್ಚು ಖಾನರು ಬಂದುಹೋದರು. ಪಶ್ಚಿಮ ಭಾಗ ಮಾಮಾಯ್ ಎಂಬ ಸೇನಾಪತಿಯ ಕೈಯಲ್ಲಿತ್ತು. ಅವನು ಚಂಗೀಸ್ ವಂಶದವನಲ್ಲ, ಖಾನ್ ಆಗುವ ಹಕ್ಕಿಲ್ಲ. ಕಲಿತಾನ ಮೊಮ್ಮಗ ಡಿಮಿಟ್ರಿ ಅವನಿಗೆ ಹೆಚ್ಚಿನ ಕಪ್ಪ ಕೊಡಲು ಒಪ್ಪಲಿಲ್ಲ. 1378ರಲ್ಲಿ ವೋಜಾ ನದಿ ಬಳಿ, 1380ರ ಸೆಪ್ಟೆಂಬರ್ 8ರಂದು ಡಾನ್ ನದಿ ಹತ್ತಿರದ ಕುಲಿಕೊವೊ ಬಯಲಲ್ಲಿ ಗೆದ್ದ. ಹಾಗಾಗಿ 'ಡಾನ್ಸ್ಕಾಯ್' ಅಂತ ಹೆಸರು ಬಂತು. ದೊಡ್ಡ ಗೆಲುವೇ ಅದು.

ಆದರೆ ಮಾಮಾಯ್ ಸೋತದ್ದರಿಂದ ಲಾಭ ಆದದ್ದು ಚಂಗೀಸ್ ವಂಶದ ತೊಖ್ತಮಿಶ್‌ಗೆ. 1382ರ ಆಗಸ್ಟ್‌ನಲ್ಲಿ ಅವನು ಮಾಸ್ಕೋ ಬಾಗಿಲಲ್ಲಿ ನಿಂತಿದ್ದ. ಡಿಮಿಟ್ರಿ ಸೈನ್ಯ ಕೂಡಿಸಲು ಅಂತ ಉತ್ತರಕ್ಕೆ ಹೋಗಿದ್ದ. ಊರಲ್ಲಿ ಉಳಿದ ಜನ ಕಲ್ಲಿನ ಗೋಡೆ ನಂಬಿಕೊಂಡು ನಿಂತರು. ಆಡಂ ಎಂಬ ಬಟ್ಟೆ ವ್ಯಾಪಾರಿ ಗೋಡೆ ಮೇಲಿಂದ ಬಾಣ ಬಿಟ್ಟು ಒಬ್ಬ ಹೆಸರುವಾಸಿ ತಾತಾರನನ್ನು ಕೊಂದ. ಮೂರು ದಿನ ಆದರೂ ಗೋಡೆ ಬೀಳಲಿಲ್ಲ. ಆಗ ತೊಖ್ತಮಿಶ್ ಜೊತೆಗಿದ್ದ ಇಬ್ಬರು ರುಸ್ ದೊರೆಗಳು, ಡಿಮಿಟ್ರಿಯ ಸ್ವಂತ ಭಾವಮೈದುನರು, ಖಾನ್ ನಿಮಗೇನೂ ಮಾಡುವುದಿಲ್ಲ ಅಂತ ಆಣೆ ಇಟ್ಟರು. ಜನ ನಂಬಿ ಬಾಗಿಲು ತೆರೆದರು. ಕಗ್ಗೊಲೆ ನಡೆಯಿತು. ಡಿಮಿಟ್ರಿ ವಾಪಸ್ ಬಂದು ಹೆಣ ಹೂಳಿಸಿದಾಗ 80 ಹೆಣಕ್ಕೆ ಒಂದು ರೂಬಲ್ ಕೂಲಿ ಕೊಟ್ಟ, ಒಟ್ಟು 300 ರೂಬಲ್ ಆಯಿತು ಅಂತ ಬರೆದಿದ್ದಾರೆ. ಗುಣಿಸಿ ನೋಡಿದರೆ 24,000.

ಕಪ್ಪ ಮತ್ತೆ ಶುರುವಾಯಿತು, ಹಿರಿಮಗ ವಸೀಲಿ ಒತ್ತೆಯಾಳಾಗಿ ಹೋರ್ಡ್‌ಗೆ ಹೋದ. ಆದರೂ ಒಂದು ಬದಲಾವಣೆ ಆಗಿತ್ತು. 1389ರ ಉಯಿಲಿನಲ್ಲಿ ಡಿಮಿಟ್ರಿ ವ್ಲಾಡಿಮಿರ್ ಪಟ್ಟವನ್ನು ಪಿತ್ರಾರ್ಜಿತ ಆಸ್ತಿ ಅಂತಲೇ ಮಗನಿಗೆ ಬರೆದುಕೊಟ್ಟ. ದೇವರು ಹೋರ್ಡ್‌ನ ಸ್ಥಿತಿ ಬದಲಾಯಿಸಿದರೆ ಕಪ್ಪ ನೀವೇ ಇಟ್ಟುಕೊಳ್ಳಿ ಅಂತಲೂ ಸೇರಿಸಿದ.

ಆಮೇಲೂ ಖಾನನ ಸನ್ನದಿಗೆ ಬೆಲೆ ಇತ್ತಾ?

ಇತ್ತು. 1395ರಲ್ಲಿ ತೈಮೂರ್ ಸರಾಯ್ ಅನ್ನು ಧ್ವಂಸ ಮಾಡಿದ ಮೇಲೂ ಇತ್ತು. 1432ರಲ್ಲಿ ಡಾನ್ಸ್ಕಾಯ್‌ನ ಮೊಮ್ಮಗ ವಸೀಲಿ ಮತ್ತು ಅವನ ಚಿಕ್ಕಪ್ಪ ಯೂರಿ ಇಬ್ಬರೂ ಪಟ್ಟ ನನ್ನದು ಅಂತ ಖಾನ್ ಉಲು ಮುಹಮ್ಮದ್ ಮುಂದೆ ನಿಂತರು. ಯೂರಿ ತನ್ನಪ್ಪನ ಉಯಿಲನ್ನು, ಹಳೆಯ ವೃತ್ತಾಂತಗಳನ್ನು ತೋರಿಸಿದ. ವಸೀಲಿಯ ಮಂತ್ರಿ ವ್ಸೆವೊಲೊಜ್ಸ್ಕಿ ಒಂದೇ ಮಾತಲ್ಲಿ ಮುಗಿಸಿದ: ಅವನು ಸತ್ತವನ ಪತ್ರ ನಂಬಿ ಕೇಳುತ್ತಿದ್ದಾನೆ, ನಾವು ನಿನ್ನ ದಯೆ ನಂಬಿ ಕೇಳುತ್ತಿದ್ದೇವೆ. ವಸೀಲಿ ಗೆದ್ದ. ಸೋತವನು ಗೆದ್ದವನ ಕುದುರೆಯ ಲಗಾಮು ಹಿಡಿದು ನಡೆಸಬೇಕು ಅಂತ ಖಾನ್ ಹೇಳಿದಾಗ, ಚಿಕ್ಕಪ್ಪನಿಗೆ ಅವಮಾನ ಬೇಡ ಅಂತ ವಸೀಲಿ ಒಪ್ಪಲಿಲ್ಲ. ಆ ಸೌಜನ್ಯ ಅಲ್ಲಿಗೇ ಮುಗಿಯಿತು. ಮುಂದಿನ 20 ವರ್ಷದ ಜಗಳದಲ್ಲಿ ವಸೀಲಿ ಚಿಕ್ಕಪ್ಪನ ಒಬ್ಬ ಮಗನ ಕಣ್ಣು ಕೀಳಿಸಿದ, ಇನ್ನೊಬ್ಬ ಮಗ 1446ರಲ್ಲಿ ವಸೀಲಿಯ ಕಣ್ಣು ಕೀಳಿಸಿದ.

ನಮ್ಮ ಕಡೆಗೂ ಈ ಕಥೆಗೂ ಏನಾದರೂ ಸಂಬಂಧ ಇದೆಯಾ?

ಇದೆ. ಅದೇ ತ್ವೆರ್‌ನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರ್‌ಗೆ ಬಂದಿದ್ದ. ವೋಲ್ಗಾ ಹಿಡಿದು ಕೆಳಗೆ ಬರುವಾಗ ಆಸ್ಟ್ರಖಾನ್ ಹತ್ತಿರ ತಾತಾರರು ಅವನ ಸರಕು ದೋಚಿದರು. ಬರಿಗೈಲಿ ಊರಿಗೆ ಮರಳಿದರೆ ಸಾಲಗಾರರ ಕಾಟ, ಅದಕ್ಕೇ ಮುಂದೆ ಹೊರಟ. ಪರ್ಷಿಯಾ ದಾಟಿ, ಒಂದು ಕುದುರೆ ತಂದು ಬೀದರ್‌ನಲ್ಲಿ ಮಾರಿದ. ಬಹಮನಿ ಸುಲ್ತಾನನ ಮೆರವಣಿಗೆ, ಮಹಮೂದ್ ಗವಾನನ ವೈಭವ, ಕಲಬುರಗಿ, ರಾಯಚೂರು, ವಿಜಯನಗರ, ಎಲ್ಲದರ ಬಗ್ಗೆ ಬರೆದಿದ್ದಾನೆ. ಹಳ್ಳಿಯ ಜನ ತುಂಬಾ ಬಡವರು, ದೊಡ್ಡವರು ಬೆಳ್ಳಿ ಪಲ್ಲಕ್ಕಿಯಲ್ಲಿ ಓಡಾಡುತ್ತಾರೆ ಅಂತ ಗಮನಿಸಿದ್ದಾನೆ. ಅವನ ಬರಹದ ನಡುನಡುವೆ ತುರ್ಕಿ, ಪಾರ್ಸಿ, ಅರಬ್ಬಿ ಬೆರೆತ ಸಾಲುಗಳು ಬರುತ್ತವೆ. ಹೋರ್ಡ್ ಜೊತೆ ತಲೆಮಾರುಗಳ ಕಾಲ ವ್ಯವಹಾರ ಮಾಡಿದ ವೋಲ್ಗಾ ವ್ಯಾಪಾರಿಗಳಿಗೆ ಇಂಥ ಮಾತು ಹೊಸದೇನಲ್ಲ. ಊರು ಸೇರುವ ಮೊದಲೇ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ.

ಕೊನೆಗೆ ಬಿಡುಗಡೆ ಆದದ್ದು ಯಾವಾಗ?

ಪುಸ್ತಕದಲ್ಲಿ ಸಿಗುವ ವರ್ಷ 1480. ಮಾಸ್ಕೋದ ಮೂರನೇ ಇವಾನ್ ಕೆಲವು ವರ್ಷಗಳಿಂದ ಕಪ್ಪ ಕಟ್ಟಿರಲಿಲ್ಲ. ಹೋರ್ಡ್‌ನ ಅಹ್ಮದ್ ಖಾನ್ ಸೈನ್ಯದೊಂದಿಗೆ ಉಗ್ರಾ ನದಿವರೆಗೆ ಬಂದ. ಅಕ್ಟೋಬರ್ 8ರಿಂದ ನಾಲ್ಕು ದಿನ ನದಿ ದಾಟಲು ನೋಡಿದ. ಆಚೆ ದಡದಿಂದ ಬಾಣ, ಬಂದೂಕು, ಫಿರಂಗಿ. ಆಮೇಲೆ ಎರಡೂ ಕಡೆ ಸುಮ್ಮನೆ ನಿಂತವು. ಇವಾನ್‌ಗೂ ಧೈರ್ಯ ಕಮ್ಮಿಯೇ ಇತ್ತು. ಹೆಂಡತಿಯನ್ನು ಖಜಾನೆ ಸಮೇತ ಉತ್ತರಕ್ಕೆ ಕಳಿಸಿದ್ದ. ಓಡುಗುಳಿ ಅಂತ ಆರ್ಚ್‌ಬಿಷಪ್ ವಾಸಿಯಾನ್ ಅವನನ್ನು ಬೈದ. ಅಹ್ಮದ್‌ಗೆ ಸಹಾಯಕ್ಕೆ ಬರಬೇಕಿದ್ದ ಪೋಲೆಂಡ್ ಲಿಥುವೇನಿಯಾದ ಕಾಸಿಮಿರ್ ಬರಲಿಲ್ಲ, ಅವನ ಗಡಿಯಲ್ಲಿ ಇವಾನ್‌ನ ಸ್ನೇಹಿತ ಕ್ರಿಮಿಯಾ ಖಾನ್ ದಾಳಿ ಮಾಡುತ್ತಿದ್ದ. ನದಿ ಹೆಪ್ಪುಗಟ್ಟಿತು, ನವೆಂಬರ್ 11ಕ್ಕೆ ಅಹ್ಮದ್ ವಾಪಸ್ ಹೋದ. ಮರುವರ್ಷದ ಶುರುವಿನಲ್ಲೇ ಬೇರೆ ತಾತಾರರು ಅವನನ್ನು ಕೊಂದರು. ಇವಾನ್ ಖಾನನ ಪತ್ರ ಹರಿದು ಎಸೆದ ಅನ್ನೋ ಚಿತ್ರ ನೀವು ನೋಡಿರಬಹುದು. ಅದು ಆಮೇಲೆ ಹುಟ್ಟಿದ ಕಥೆ.

ಐದು ವರ್ಷದ ನಂತರ, 1485ರಲ್ಲಿ, ಇದೇ ಇವಾನ್ ತ್ವೆರ್ ಅನ್ನೂ ನುಂಗಿದ. ಅದರ ಕೊನೆಯ ದೊರೆ ಲಿಥುವೇನಿಯಾಕ್ಕೆ ಓಡಿಹೋದ.

ಅಲ್ಲಿಗೆ ಕಪ್ಪ ಪೂರ್ತಿ ನಿಂತಿತಾ?

ಹೆಸರು ಬದಲಾಯಿತು. 1502ರಲ್ಲಿ ಕ್ರಿಮಿಯಾ ಖಾನ್ ಹೋರ್ಡ್‌ನ ಉಳಿದ ಭಾಗವನ್ನೂ ಮುಗಿಸಿದ. ಮಾಸ್ಕೋ ಅವನಿಗೆ 'ಉಡುಗೊರೆ' ಕಳಿಸುತ್ತಿತ್ತು, ತುಪ್ಪಳ ಮತ್ತು ಹಣ. 1552ರಲ್ಲಿ ಕಜಾನ್, 1556ರಲ್ಲಿ ಆಸ್ಟ್ರಖಾನ್ ಎಂಬ ತಾತಾರ್ ರಾಜ್ಯಗಳನ್ನು ಮಾಸ್ಕೋ ಗೆದ್ದ ಮೇಲೂ ಅದು ತಪ್ಪಲಿಲ್ಲ. 1571ರಲ್ಲಿ ಕ್ರಿಮಿಯಾದ ದೆವ್ಲೆತ್ ಗಿರಾಯ್ ಬಂದು ಮಾಸ್ಕೋ ಸುಟ್ಟುಹೋದ. ಉಡುಗೊರೆ ಕೊಡುವ ಬಾಧ್ಯತೆ ಕಾಗದದ ಮೇಲೆ ರದ್ದಾದದ್ದು 1700ರಲ್ಲಿ, ಪೀಟರ್ ದೊರೆ ತುರ್ಕಿ ಸುಲ್ತಾನನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ.